ಗೆದ್ದ ಮೇಲೆ ಒಡೆದ ತಂಡ

ಪ್ರಶ್ನೆ: ಬ್ರಿಟನ್ನಿನ ‘ದಿ ಪೊಲೀಸ್’ ಎಂಬ ರಾಕ್ ಸಂಗೀತ ತಂಡ ಜನಪ್ರಿಯತೆಯ ತುತ್ತತುದಿಯಲ್ಲಿದ್ದಾಗಲೇ ಒಡೆಯಿತೆಂದು ಓದಿದ್ದೇನೆ. ಸೋತವರು ಚದುರುವುದು ಸಹಜ, ಗೆದ್ದವರು ಬೇರೆಯಾದದ್ದೇಕೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಹಾಡು ಯಾರದು ಎಂಬ ಪ್ರಶ್ನೆಗೆ ಮೂವರೂ ಒಪ್ಪುವ ಉತ್ತರ ಸಿಗದಿದ್ದುದೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. 1977ರಲ್ಲಿ ಲಂಡನ್ನಿನಲ್ಲಿ ತಂಡ ಕಟ್ಟಿದವರು ಡ್ರಮ್ಸ್ ವಾದಕ ಸ್ಟುವರ್ಟ್ ಕೋಪ್‌ಲ್ಯಾಂಡ್. ಶಾಲಾ ಶಿಕ್ಷಕರಾಗಿದ್ದ ಸ್ಟಿಂಗ್ ಗಾಯನವನ್ನೂ ಬೇಸ್ ಗಿಟಾರನ್ನೂ ವಹಿಸಿಕೊಂಡರು. ಅದೇ ವರ್ಷ ಗಿಟಾರ್ ವಾದಕ ಆ್ಯಂಡಿ ಸಮ್ಮರ್ಸ್ ಸೇರಿದರು. ಪಂಕ್ ಸಂಗೀತದ ಅಬ್ಬರದ ನಡುವೆ ಇವರು ಜಮೈಕಾದ ರೆಗ್ಗೇ ಲಯವನ್ನು ರಾಕ್‌ಗೆ ಬೆಸೆದು, ವಾದ್ಯಗಳ ನಡುವೆ ಧಾರಾಳವಾಗಿ ಮೌನವನ್ನು ಉಳಿಸಿ ನುಡಿಸಿದರು. 1978ರಿಂದ 1983ರವರೆಗೆ ಐದು ಆಲ್ಬಂಗಳು ಬಂದವು. ಪಾಶ್ಚಾತ್ಯ ರಾಕ್ ತಂಡಗಳು ಭಾರತದತ್ತ ಬರುವುದೇ ಅಪರೂಪವಾಗಿದ್ದ ಕಾಲದಲ್ಲಿ, 1980ರ ಮಾರ್ಚ್‌ನಲ್ಲಿ, ಮುಂಬಯಿಯ ರಂಗಭವನದಲ್ಲೂ ಅವರ ಕಛೇರಿ ನಡೆಯಿತು.

ತಂಡ ಕೋಪ್‌ಲ್ಯಾಂಡರದಾದರೂ ಹೆಸರು ತಂದ ಹಾಡುಗಳಲ್ಲಿ ಹೆಚ್ಚಿನವು ಸ್ಟಿಂಗ್ ಬರೆದವು. ಅಮೆರಿಕದಲ್ಲಿ 1983ರಲ್ಲಿ ಎಂಟು ವಾರ ಮೊದಲ ಸ್ಥಾನದಲ್ಲಿದ್ದ ‘ಎವ್ರಿ ಬ್ರೆತ್ ಯು ಟೇಕ್’ ಹಾಡನ್ನೇ ನೋಡಿ. ಅದನ್ನು ನೆನೆದೊಡನೆ ಮನಸ್ಸಿಗೆ ಬರುವ, ಮೊದಲಿನಿಂದ ಕೊನೆಯವರೆಗೆ ಹರಿಯುವ ಗಿಟಾರ್ ನುಡಿತ ಸಮ್ಮರ್ಸ್ ಅವರದು. ಆದರೆ ರಚನೆಕಾರರೆಂದು ದಾಖಲಾದವರು ಸ್ಟಿಂಗ್ ಒಬ್ಬರೇ, ರಚನೆಯ ರಾಯಲ್ಟಿಯ ಬಹುಪಾಲೂ ಅವರಿಗೇ. ಸಾಹಿತ್ಯವೂ ಮೂಲ ಮಟ್ಟೂ ಅವರವೇ ಆಗಿದ್ದುದರಿಂದ ಇದನ್ನು ಅನ್ಯಾಯವೆಂದು ಸಾರಾಸಗಟಾಗಿ ಹೇಳಲಾಗದು. ಆದರೂ ನಾವು ಮೆಚ್ಚಿ ಕೇಳುವುದು ಮೂವರೂ ಸೇರಿ ಕೊಟ್ಟ ರೂಪವನ್ನೇ ಅಲ್ಲವೇ? ಉಳಿದಿಬ್ಬರ ನೋವು ನನಗೆ ಪೂರ್ತಿ ಅರ್ಥವಾಗುತ್ತದೆ.

ಕೊನೆಯ ಆಲ್ಬಂ ‘ಸಿಂಕ್ರೊನಿಸಿಟಿ’ಯನ್ನು ಕೆರಿಬಿಯನ್ನಿನ ಮಾಂಟ್ಸೆರಾಟ್ ದ್ವೀಪದಲ್ಲಿ ಧ್ವನಿಮುದ್ರಿಸುವಾಗ ಮೂವರೂ ಬೇರೆ ಬೇರೆ ಕೋಣೆಗಳಲ್ಲಿ ಕುಳಿತು ನುಡಿಸಿದರು. ಧ್ವನಿಯ ಅನುಕೂಲವೂ ಅದಕ್ಕೆ ಕಾರಣವಾಗಿತ್ತಾದರೂ, ಅಷ್ಟು ಹೊತ್ತಿಗೆ ಸ್ಟಿಂಗ್ ಮತ್ತು ಕೋಪ್‌ಲ್ಯಾಂಡರ ಜಗಳ ಕೈ ಮಿಲಾಯಿಸುವ ಮಟ್ಟಕ್ಕೆ ಹೋಗಿತ್ತು. 1983ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಸುಮಾರು 70,000 ಜನರೆದುರು ಹಾಡಿದಾಗಲೇ, ಇದಕ್ಕಿಂತ ಮೇಲೇರಲು ಸಾಧ್ಯವಿಲ್ಲ, ಇಲ್ಲಿಗೆ ನಿಲ್ಲಿಸಬೇಕೆಂದು ತಮಗೆ ಅನ್ನಿಸಿತೆಂದು ಸ್ಟಿಂಗ್ ನಂತರ ಹೇಳಿಕೊಂಡಿದ್ದಾರೆ. 1985ರಲ್ಲಿ ಅವರ ಸ್ವಂತ ಆಲ್ಬಂ ಬಂತು.

ಮರುವರ್ಷ ಮೂವರೂ ಮತ್ತೆ ಸ್ಟುಡಿಯೊ ಸೇರಿದರಾದರೂ, ಕೋಪ್‌ಲ್ಯಾಂಡ್ ಕುದುರೆಯಿಂದ ಬಿದ್ದು ಕೊರಳೆಲುಬು ಮುರಿದುಕೊಂಡಿದ್ದರಿಂದ ಡ್ರಮ್ಸ್ ನುಡಿಸುವಂತಿರಲಿಲ್ಲ. ಜೊತೆಗೂಡಿ ನುಡಿಸುತ್ತಲೇ ಹಳೆಯ ಹೊಂದಾಣಿಕೆ ಮರಳುವ ಅವಕಾಶ ಹಾಗೆ ತಪ್ಪಿತು. ಹಳೆಯ ಹಾಡೊಂದರ ಹೊಸ ರೂಪವಷ್ಟೇ ಬಿಡುಗಡೆಯಾಯಿತು. 2007–08ರಲ್ಲಿ ಮೂವರೂ ಒಂದಾಗಿ ಜಗತ್ತಿನಾದ್ಯಂತ ಕಛೇರಿ ನೀಡಿದರು, ಆದರೆ ಹೊಸ ಆಲ್ಬಂ ಮಾಡಲಿಲ್ಲ. ರಚನೆಯ ಹಕ್ಕು ಆಗಲೇ ತೀರ್ಮಾನವಾಗಿದ್ದ ಹಾಡುಗಳನ್ನು ನುಡಿಸುವುದು ಅವರಿಗೆ ಸಾಧ್ಯವಿತ್ತು. ಹೊಸತನ್ನು ಕಟ್ಟಲು ಹೊರಟಿದ್ದರೆ ಅದೇ ತಕರಾರು ಮತ್ತೆ ತಲೆಯೆತ್ತುತ್ತಿತ್ತೆಂದು ನಾನು ನಂಬುತ್ತೇನೆ.