ಕೊಡಗಿನ ಇಂದಿನ ಆಭರಣ ವಿನ್ಯಾಸಕರಿಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ?

ಕೊಡವ ಶೈಲಿಯಲ್ಲಿ ಹೊಸ ಒಡವೆ ರೂಪಿಸುವವರಿಗೆ ಮೊದಲ ಪಾಠಶಾಲೆಯೆಂದರೆ, ನನ್ನ ಅಭಿಪ್ರಾಯದಲ್ಲಿ, ಮನೆಯ ಹಿರಿಯರ ಒಡವೆ ಪೆಟ್ಟಿಗೆಯೇ. ಅದರಲ್ಲಿ ಸಾಮಾನ್ಯವಾಗಿ ಎರಡು ಕೊರಳ ಒಡವೆಗಳು ಎದ್ದು ಕಾಣುತ್ತವೆ: ಕೊಕ್ಕೆತಾತಿ ಮತ್ತು ಜೋಮಾಲೆ. ಕೊಕ್ಕೆತಾತಿಯ ಪದಕ ಅರ್ಧಚಂದ್ರಾಕಾರದ್ದು. ಅಂಚಿನುದ್ದಕ್ಕೂ ಕೆಂಪು ಕಲ್ಲು, ಮೇಲೆ ಲಕ್ಷ್ಮಿ ಅಥವಾ ನಾಗನ ಹೆಡೆ, ಕೆಳಗೆ ತೂಗುವ ಸಣ್ಣ ಮುತ್ತುಗಳು. ಜೋಮಾಲೆಯ ಗುಂಡುಗಳು ಒಳಗೆ ಟೊಳ್ಳಾದ ಚಿನ್ನದ ತೆಳು ತಗಡಿನವು. ಅವುಗಳಿಗೆ ಅರಗು ತುಂಬಿ ಕಪ್ಪು ದಾರದಲ್ಲಿ ಪೋಣಿಸುವುದರಿಂದ ಕಡಿಮೆ ಚಿನ್ನದಲ್ಲಿ ತುಂಬಿದ ನೋಟ ದೊರೆಯುತ್ತದೆ, ಗುಂಡುಗಳೂ ಸುಲಭವಾಗಿ ನೆಗ್ಗುವುದಿಲ್ಲ. ಈ ಜಾಣ್ಮೆಯನ್ನು ಕಂಡಾಗಲೆಲ್ಲ ಹಳೆಯ ಅಕ್ಕಸಾಲಿಗರ ಮೇಲಿನ ನನ್ನ ಗೌರವ ಹೆಚ್ಚುತ್ತದೆ.

ಆಕಾರಗಳಷ್ಟೇ ಸ್ಫೂರ್ತಿಯಲ್ಲ, ಆಚರಣೆಗಳೂ ಹೌದು. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದ ಕಣಿ ಪೂಜೆಯಲ್ಲಿ ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಹೂವು ಮುಡಿಸಿ, ಮನೆಯ ಒಡವೆಯನ್ನೇ ತೊಡಿಸಿ ಕಾವೇರಿಯೆಂದು ಪೂಜಿಸುತ್ತಾರೆ. ಕೆಂಪು ಮತ್ತು ಹೊನ್ನಿನ ಆ ಜೋಡಿಯೇ ಗಂಡಸರು ಸೊಂಟಕ್ಕೆ ಸುತ್ತುವ ಕೆಂಪು ಪಟ್ಟಿಯಾದ ಚೇಲೆಯಲ್ಲಿ ಸಿಕ್ಕಿಸುವ, ಬೆಳ್ಳಿ ಒರೆಯ ಅಲಂಕಾರಿಕ ಕಿರುಗತ್ತಿ ಪೀಚೆಕತ್ತಿಯಲ್ಲಿಯೂ ಬೇರೊಂದು ಬಗೆಯಲ್ಲಿ ಕಾಣುತ್ತದೆ.

ಈಗ ಇದೇ ವಿನ್ಯಾಸಗಳು ಚಿನ್ನದ ಲೇಪದ ಬೆಳ್ಳಿಯಲ್ಲಿ, ಕೊಕ್ಕೆತಾತಿ ಆಕಾರದ ಕಿವಿಯೋಲೆಗಳಾಗಿಯೂ ಬರುತ್ತಿವೆ. ಪದಕವನ್ನು ಕಿರಿದಾಗಿಸುವಾಗ ಮುತ್ತಿನ ಸಾಲನ್ನು ಕೈಬಿಟ್ಟರೆ ಮಾತ್ರ ಅದು ಬರಿಯ ಚಂದ್ರನ ತುಂಡಾಗಿಬಿಡುತ್ತದೆ. ಒಳ್ಳೆಯ ವಿನ್ಯಾಸಕರು ಅದನ್ನು ಉಳಿಸಿಕೊಳ್ಳುತ್ತಾರೆ.