ಉಕ್ರೇನಿನ ಅಧಿಕಾರ ಅಜೋವ್‌ನಂತಹ ತೀವ್ರ ಬಲಪಂಥೀಯ ಪಡೆಗಳ ಕೈಯಲ್ಲಿದೆಯೇ?

ಪಂಜಿನ ಮೆರವಣಿಗೆಯ ವಿಡಿಯೊಗಳನ್ನೂ ಸೈನಿಕರ ತೋಳಿನ ಮೇಲಿನ ಲಾಂಛನಗಳ ಚಿತ್ರಗಳನ್ನೂ ಕಲೆಹಾಕಿದ್ದೀರಿ. ನಿಮ್ಮ ಎಂ.ಎ. ಪ್ರಬಂಧದಲ್ಲಿ ಇವುಗಳ ಬಲದಿಂದ ‘ಹೌದು’ ಎಂದು ವಾದಿಸಬಹುದೇ, ಅಥವಾ ಇವೆಲ್ಲ ರಷ್ಯಾದ ಅಪಪ್ರಚಾರವೆಂದು ಬದಿಗಿಡಬೇಕೇ ಎಂಬುದು ನಿಮ್ಮ ಪ್ರಶ್ನೆ. 2018ರಲ್ಲಿ ನಾನು ಇದೇ ವಿಷಯದ ಮೇಲೆ ಪ್ರಬಂಧ ಬರೆದು, ‘ಹೌದು’ ಎಂದೇ ವಾದಿಸಿ, ಮೌಖಿಕ ಪರೀಕ್ಷೆಯಲ್ಲಿ ಮುಗ್ಗರಿಸಿದವನು.

ಆ ವರ್ಷದ ಜನವರಿಯಲ್ಲಿ ಅಜೋವ್ ಬೆಂಬಲಿಗರ ‘ನ್ಯಾಷನಲ್ ಡ್ರುಜಿನಿ’ ಎಂಬ ದಳದ ನೂರಾರು ಯುವಕರು ಸಮವಸ್ತ್ರ ತೊಟ್ಟು ಕೀವ್‌ನಲ್ಲಿ ಮೆರವಣಿಗೆ ಮಾಡಿ ಪ್ರತಿಜ್ಞೆ ಸ್ವೀಕರಿಸಿದ್ದರು. ಆ ದೃಶ್ಯ ನೋಡಿದ ಮೇಲೆ ನನಗೆ ಬೇರೆ ಸಾಕ್ಷ್ಯ ಬೇಕೆನಿಸಲೇ ಇಲ್ಲ. ‘ಪೇಟ್ರಿಯಟ್ ಆಫ್ ಉಕ್ರೇನ್’ ಎಂಬ ತೀವ್ರ ಬಲಪಂಥೀಯ ಸಂಘಟನೆಯನ್ನು ಮುನ್ನಡೆಸಿದ್ದ ಆಂದ್ರೀ ಬಿಲೆಟ್ಸ್ಕಿ 2014ರ ಮೇ ತಿಂಗಳಲ್ಲಿ ಅಜೋವ್ ಎಂಬ ಸ್ವಯಂಸೇವಕ ಪಡೆಯನ್ನು ಕಟ್ಟಿದ. ಜೂನ್‌ನಲ್ಲಿ ಮರಿಯುಪೋಲ್ ನಗರವನ್ನು ರಷ್ಯಾ ಪರ ಪ್ರತ್ಯೇಕತಾವಾದಿಗಳಿಂದ ಬಿಡಿಸಿಕೊಳ್ಳುವ ಕಾರ್ಯಾಚರಣೆಯಲ್ಲಿ ಆ ಪಡೆ ಹೋರಾಡಿತು. ನವೆಂಬರ್‌ನಲ್ಲಿ ಅದನ್ನು ಸರ್ಕಾರದ ಸಶಸ್ತ್ರ ಪಡೆಯಾದ ನ್ಯಾಷನಲ್ ಗಾರ್ಡ್‌ಗೆ ಸೇರಿಸಿಕೊಳ್ಳಲಾಯಿತು. ಈ ಸೇರ್ಪಡೆಯೆಂದರೆ ತೀವ್ರ ಬಲಪಂಥ ಸೇನೆಯನ್ನು ಒಳಹೊಕ್ಕು ಪ್ರಭುತ್ವವನ್ನು ವಶಪಡಿಸಿಕೊಂಡಿತು ಎಂದೇ ಅರ್ಥವೆಂದು ನನ್ನ ಮೂರನೆಯ ಅಧ್ಯಾಯ ಸಾರುತ್ತಿತ್ತು.

ಬಾಹ್ಯ ಪರೀಕ್ಷಕರು ಆ ಅಧ್ಯಾಯದ ಬಗ್ಗೆ ಕೇಳಿದ್ದು ಒಂದೇ ಪ್ರಶ್ನೆ: ನ್ಯಾಷನಲ್ ಗಾರ್ಡ್ ಯಾವ ಸಚಿವಾಲಯದ ಅಧೀನದಲ್ಲಿದೆ? ರಕ್ಷಣಾ ಸಚಿವಾಲಯ ಎಂದೆ. ತಪ್ಪು. ಅದು ಒಳಾಡಳಿತ ಸಚಿವಾಲಯದ ಅಧೀನದಲ್ಲಿತ್ತು. ನಮ್ಮಲ್ಲಿ ಸಿಆರ್‌ಪಿಎಫ್ ಗೃಹ ಸಚಿವಾಲಯಕ್ಕೆ ಸೇರಿದ್ದೇ ಹೊರತು ಸೇನೆಗಲ್ಲ ಎಂಬುದು ಗೊತ್ತಿದ್ದೂ, ಅಲ್ಲಿನ ವ್ಯವಸ್ಥೆಯನ್ನು ವಿಚಾರಿಸಿ ನೋಡಬೇಕೆಂದು ನನಗೆ ಹೊಳೆದಿರಲಿಲ್ಲ. ಪ್ರಬಂಧ ಹೇಗೋ ತೇರ್ಗಡೆಯಾಯಿತು, ಪಿಎಚ್‌.ಡಿ.ಗೆ ತೆಗೆದುಕೊಳ್ಳುವುದಾಗಿ ಹೇಳಿದ್ದ ಮಾರ್ಗದರ್ಶಕರು ಮಾತ್ರ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಒಂದು ಸಚಿವಾಲಯದ ಹೆಸರು ತಪ್ಪಿದ್ದಕ್ಕೆ ಇಷ್ಟೊಂದು ಕಟುವಾದ ತೀರ್ಪೇ ಎಂದು ನಾನೂ ಬಹಳ ಕಾಲ ಗೊಣಗಿದ್ದೇನೆ. ಆದರೆ ನನ್ನ ವಾದ ನಿಂತಿದ್ದದ್ದೇ ಆ ಹೆಸರಿನ ಮೇಲೆ. ಉಕ್ರೇನಿನ ಸಂವಿಧಾನದ ಪ್ರಕಾರ ರಕ್ಷಣಾ ಸಚಿವರನ್ನೂ ವಿದೇಶಾಂಗ ಸಚಿವರನ್ನೂ ಸೂಚಿಸುವ ಅಧಿಕಾರ ಅಧ್ಯಕ್ಷರದು. ಒಳಾಡಳಿತ ಸಚಿವರ ಹೆಸರನ್ನು ಪ್ರಧಾನಿ ಸಂಸತ್ತಿನ ಮುಂದಿಡುತ್ತಾರೆ. ಹಾಗಾಗಿ ಪೊಲೀಸರೂ ನ್ಯಾಷನಲ್ ಗಾರ್ಡ್ ಪಡೆಗಳೂ ಅಧ್ಯಕ್ಷರಿಗೆ ನೇರವಾಗಿ ಬದ್ಧನಾಗಿರದ ಒಬ್ಬ ಮಂತ್ರಿಯ ಕೈಯಲ್ಲಿದ್ದವು. ಆ ಮಂತ್ರಿ ಆರ್ಸೆನ್ ಅವಕೋವ್. 2014ರ ಫೆಬ್ರುವರಿಯಿಂದ 2021ರ ಜುಲೈವರೆಗೆ, ಇಬ್ಬರು ಚುನಾಯಿತ ಅಧ್ಯಕ್ಷರು ಮತ್ತು ನಾಲ್ವರು ಪ್ರಧಾನಿಗಳ ಕಾಲದಲ್ಲಿ ಅವರು ಅದೇ ಕುರ್ಚಿಯಲ್ಲಿದ್ದರು. ಹಿಂದೆ ಅವರು ಖಾರ್ಕಿವ್ ಪ್ರಾಂತ್ಯದ ಗವರ್ನರ್ ಆಗಿದ್ದವರು. ಬಿಲೆಟ್ಸ್ಕಿ ಕೂಡ ಖಾರ್ಕಿವ್‌ನವನೇ. 2014ರ ಕೊನೆಯಲ್ಲಿ ಅಜೋವ್‌ನ ಉಪ ಕಮಾಂಡರ್ ವಾದಿಮ್ ಟ್ರೋಯಾನ್‌ಗೆ ಕೀವ್ ಪ್ರಾಂತ್ಯದ ಪೊಲೀಸ್ ಮುಖ್ಯಸ್ಥನ ಹುದ್ದೆ ಸಿಕ್ಕಿದ್ದು ಇದೇ ಸಚಿವಾಲಯದಿಂದ, ಮುಂದೆ ಆತ ಉಪ ಸಚಿವನೂ ಆದ.

ಪರೀಕ್ಷಕರ ಪ್ರಶ್ನೆಗೆ ಸರಿಯಾದ ಉತ್ತರ ಗೊತ್ತಿದ್ದರೆ ನನ್ನ ಪ್ರಬಂಧ ತಲೆಕೆಳಗಾಗುತ್ತಿತ್ತು, ಆದರೆ ಚೆನ್ನಾಗಿಯೇ ತಲೆಕೆಳಗಾಗುತ್ತಿತ್ತು. 2014ರ ವಸಂತದಲ್ಲಿ ಉಕ್ರೇನಿನ ಬಳಿ ಯುದ್ಧಕ್ಕೆ ಸಜ್ಜಾದ ಸೇನೆ ಇಲ್ಲವೆನ್ನುವಷ್ಟು ಕಡಿಮೆಯಿತ್ತು. ಹೊಡೆದಾಡಲು ಸಿದ್ಧರಿದ್ದ ಗುಂಪುಗಳಿಗೆ ಮಂತ್ರಿ ಬಂದೂಕು, ಸಂಬಳ ಮತ್ತು ಕಾನೂನಿನ ಮಾನ್ಯತೆ ಕೊಟ್ಟರು. ಗುಂಪುಗಳು ಮಂತ್ರಿಗೆ ತೂಕ ತಂದುಕೊಟ್ಟವು. ಪ್ರಭುತ್ವವನ್ನು ವಶಪಡಿಸಿಕೊಂಡದ್ದೆಂದು ನಾನು ಬರೆದದ್ದು ವಾಸ್ತವದಲ್ಲಿ ಒಂದು ಕೊಡುಕೊಳ್ಳುವಿಕೆಯಾಗಿತ್ತು, ಮತ್ತು ಅದರಲ್ಲಿ ಮೇಲುಗೈ ಬಹುಪಾಲು ಮಂತ್ರಿಯದೇ ಆಗಿತ್ತು. ಮತಪೆಟ್ಟಿಗೆಯ ಲೆಕ್ಕವಂತೂ ನನ್ನ ವಾದಕ್ಕೆ ನೇರ ವಿರುದ್ಧವಾಗಿತ್ತು. ತೀವ್ರ ಬಲಪಂಥೀಯ ಸ್ವೊಬೊಡಾ ಪಕ್ಷ 2012ರಲ್ಲಿ ಶೇ 10.44ರಷ್ಟು ಮತ ಪಡೆದಿತ್ತು. 2014ರ ಆರಂಭದಲ್ಲಿ ಅಧ್ಯಕ್ಷರನ್ನು ಕೆಳಗಿಳಿಸಿದ ಮೈದಾನ್ ದಂಗೆಯ ನಂತರದ ಮೊದಲ ಸಂಪುಟದಲ್ಲಿ ಅದರ ಮಂತ್ರಿಗಳೂ ಇದ್ದರು. ಅದೇ ಪಕ್ಷ 2014ರ ಅಕ್ಟೋಬರ್‌ನಲ್ಲಿ ಶೇ 4.71ಕ್ಕೆ ಕುಸಿದು, ಪಟ್ಟಿಯ ಮೂಲಕ ಸಂಸತ್ತು ಸೇರಲು ಬೇಕಾದ ಶೇ 5ರ ಗೆರೆ ದಾಟಲಾಗದೆ ಹೋಯಿತು. 2019ರಲ್ಲಿ ಸ್ವೊಬೊಡಾ, ರೈಟ್ ಸೆಕ್ಟರ್ ಮತ್ತು ಬಿಲೆಟ್ಸ್ಕಿಯ ನ್ಯಾಷನಲ್ ಕೋರ್ ಪಕ್ಷ ಒಂದೇ ಪಟ್ಟಿಯಲ್ಲಿ ನಿಂತರೂ ಗಳಿಸಿದ್ದು ಶೇ 2.15. ಅದೇ ವರ್ಷ ಯಹೂದಿ ಮೂಲದ ಝೆಲೆನ್ಸ್ಕಿ ಶೇ 73ರಷ್ಟು ಮತದಿಂದ ಅಧ್ಯಕ್ಷರಾದರು.

ಹಾಗೆಂದು ನಿಮ್ಮ ಎರಡನೆಯ ದಾರಿಯನ್ನು, ಅಂದರೆ ಎಲ್ಲವೂ ಅಪಪ್ರಚಾರವೆಂಬ ನಿಲುವನ್ನು, ನಾನು ಒಪ್ಪುವುದಿಲ್ಲ. 2018ರ ಏಪ್ರಿಲ್‌ನಲ್ಲಿ ಸಿ14 ಎಂಬ ತೀವ್ರ ಬಲಪಂಥೀಯ ಗುಂಪಿನವರು ಕೀವ್‌ನ ಲಿಸಾ ಹೋರಾದಲ್ಲಿ ರೋಮಾ (ಜಿಪ್ಸಿ) ಜನರ ಬಿಡಾರಗಳ ಮೇಲೆ ಬಿದ್ದು ಹೆಂಗಸರು ಮಕ್ಕಳೆನ್ನದೆ ಓಡಿಸಿದ್ದು ಅಪಪ್ರಚಾರವಲ್ಲ. 2015ರ ಆಗಸ್ಟ್ 31ರಂದು ಸಂಸತ್ ಭವನದ ಹೊರಗೆ ತೀವ್ರ ಬಲಪಂಥೀಯರಿದ್ದ ಪ್ರತಿಭಟನೆಯಲ್ಲಿ ಗ್ರೆನೇಡ್ ಸಿಡಿದು ನ್ಯಾಷನಲ್ ಗಾರ್ಡ್ ಯೋಧರು ಸತ್ತದ್ದೂ ಅಲ್ಲ. ಮತ ಸಿಗದವರಿಗೂ ಬೀದಿಯಲ್ಲಿ ಅಡ್ಡಗಟ್ಟುವ ಶಕ್ತಿ ಇರಬಹುದು, ಮತ್ತು ಆ ಶಕ್ತಿಯನ್ನು ಅಳೆಯಲು ನನಗೆ ತೋಚಿದ ಅತ್ಯುತ್ತಮ ಉದಾಹರಣೆ ಝೊಲೊಟೆ. 2019ರ ಅಕ್ಟೋಬರ್‌ನಲ್ಲಿ ಪೂರ್ವ ಉಕ್ರೇನಿನ ಯುದ್ಧರೇಖೆಯ ಈ ಊರಿನಿಂದ, ಎರಡೂ ಕಡೆ ಒಪ್ಪಿದಂತೆ, ಸೇನೆ ಹಿಂದೆ ಸರಿಯಬೇಕಿತ್ತು. ನ್ಯಾಷನಲ್ ಕೋರ್‌ನ ಮಾಜಿ ಯೋಧರು ಅಲ್ಲಿ ಬೀಡುಬಿಟ್ಟು ತಡೆದರು. ಝೆಲೆನ್ಸ್ಕಿ ಖುದ್ದಾಗಿ ಹೋಗಿ ಅವರೊಂದಿಗೆ ಏರುದನಿಯಲ್ಲಿ ವಾದಿಸಬೇಕಾಯಿತು. ಒಬ್ಬ ಅಧ್ಯಕ್ಷನಿಗೆ ಹೀಗೆ ಹೋಗಬೇಕಾಗಿ ಬಂದದ್ದು ಆ ಗುಂಪಿನ ಶಕ್ತಿಗೆ ಸಾಕ್ಷಿ. ಕೆಲವೇ ದಿನಗಳಲ್ಲಿ ಸೇನೆ ಹಿಂದೆ ಸರಿದದ್ದು ಆ ಶಕ್ತಿಯ ಮಿತಿಗೆ ಸಾಕ್ಷಿ. ಇದೊಂದು ಘಟನೆಗೆ ಇಡೀ ಅಧ್ಯಾಯ ಕೊಡಿ.

ಗಡಿಯ ಆಚೆಯನ್ನೂ ಬಿಡಬೇಡಿ. ‘ನಾಜಿಗಳಿಂದ ಬಿಡುಗಡೆ’ ಎಂದು ಹೇಳಿ 2022ರಲ್ಲಿ ದಾಳಿ ಮಾಡಿದ ರಷ್ಯಾದ ಪರವಾಗಿ 2014ರಿಂದಲೇ ಹೋರಾಡುತ್ತಿರುವ ರುಸಿಚ್ ತಂಡ ಬಹಿರಂಗವಾಗಿಯೇ ನವನಾಜಿ. ಸಶಸ್ತ್ರ ಗುಂಪೊಂದು ಪ್ರಭುತ್ವಕ್ಕೇ ಬಂದೂಕು ತಿರುಗಿಸಿದ ಘಟನೆ ಬೇಕೆಂದರೆ ಅದು ಸಿಗುವುದೂ ಅಲ್ಲೇ: 2023ರ ಜೂನ್‌ನಲ್ಲಿ ವ್ಯಾಗ್ನರ್ ಎಂಬ ಖಾಸಗಿ ಪಡೆ ರಾಸ್ತೋವ್ ನಗರವನ್ನು ಹಿಡಿದು ಮಾಸ್ಕೋದತ್ತ ಹೊರಟಿತು. ಅದಾದ ಮೇಲೆ, ಒಂದು ವರ್ಷದಲ್ಲಿ ಆ ಪಡೆಯ ಸಂಬಳ ಸಾರಿಗೆಗೆ ಸರ್ಕಾರವೇ 8,600 ಕೋಟಿ ರೂಬಲ್‌ಗೂ ಹೆಚ್ಚು ಕೊಟ್ಟಿತ್ತೆಂದು ಪುಟಿನ್ ತಾವೇ ಹೇಳಿದರು. ಲಾಂಛನಗಳ ನೂರು ಚಿತ್ರಗಳಿಗಿಂತ ಸಂಬಳದ ಇಂತಹ ಒಂದು ಲೆಕ್ಕ ಪ್ರಬಂಧಕ್ಕೆ ಹೆಚ್ಚು ಉಪಯುಕ್ತ.

ಶೀರ್ಷಿಕೆಯನ್ನು ಬದಲಿಸಿ, ಅವಕೋವ್ ಅವರ ಅವಧಿಗೆ ಸೀಮಿತಗೊಳಿಸಿ, 2021ರ ಜುಲೈಗೆ ನಿಲ್ಲಿಸಿ ಎಂಬುದು ನನ್ನ ಸಲಹೆ. 2022ರ ಫೆಬ್ರುವರಿಯಿಂದ ಯುದ್ಧಕಾಲದ ತುರ್ತು ಕಾನೂನು (ಮಾರ್ಷಲ್ ಲಾ) ಜಾರಿಯಲ್ಲಿದ್ದು, 2023ರ ಸಂಸತ್ ಚುನಾವಣೆಯೂ 2024ರ ಅಧ್ಯಕ್ಷೀಯ ಚುನಾವಣೆಯೂ ನಡೆಯಲಿಲ್ಲವಾದ್ದರಿಂದ ಮತದ ಅಳತೆಗೋಲು ಆಮೇಲಿನ ಕಾಲಕ್ಕೆ ಕೆಲಸ ಮಾಡುವುದಿಲ್ಲ. ಅಜೋವ್ ಹೆಸರಿನಲ್ಲಿ ಇಂದು ಹೋರಾಡುತ್ತಿರುವವರಲ್ಲಿ ಬಹುಮಂದಿ ಆಕ್ರಮಣದ ನಂತರ ಸೇರಿದವರು. ಬಿಲೆಟ್ಸ್ಕಿ 2025ರಿಂದ ಸೇನೆಯ ಮೂರನೆಯ ಕೋರ್‌ನ ಮುಖ್ಯಸ್ಥ, ಅದೂ ಈ ಸಲ ರಕ್ಷಣಾ ಸಚಿವಾಲಯದ ಅಧೀನದಲ್ಲಿಯೇ. ಯುದ್ಧ ಕೊಟ್ಟ ಈ ಹೆಸರನ್ನು ಆತ ಮತವಾಗಿ ಪರಿವರ್ತಿಸಬಲ್ಲನೇ ಎಂಬುದು ಮುಂದಿನ ಚುನಾವಣೆ ನಡೆದ ಮೇಲೆ ಬೇರೊಬ್ಬರು ಬರೆಯಬೇಕಾದ ಪ್ರಬಂಧ.