ಆರು ಸ್ಪೀಕರ್‌ಗಳಿವೆ, ಮಾತನಾಡುವುದು ಎರಡೇ

ಪ್ರಶ್ನೆ: ಟಿ.ವಿ.ಯಿಂದ, ಆರು ಸ್ಪೀಕರ್‌ಗಳನ್ನು ನಡೆಸುವ ರಿಸೀವರ್ ಪೆಟ್ಟಿಗೆಗೆ ಆಪ್ಟಿಕಲ್ ಕೇಬಲ್ (ಧ್ವನಿಯನ್ನು ಬೆಳಕಾಗಿ ಒಯ್ಯುವುದು) ಹಾಕಿದ್ದೇನೆ. ಮುಂದಿನ ಎರಡು ಸ್ಪೀಕರ್‌ಗಳಲ್ಲಿ ಮಾತ್ರ ಧ್ವನಿ ಬರುತ್ತಿದೆ. ಇನ್ನೂ ದುಬಾರಿ ಕೇಬಲ್ ಕೊಳ್ಳಬೇಕೆಂದು ಮಾರಾಟಗಾರರು ಹೇಳುತ್ತಾರೆ. ಕೊಳ್ಳಲೇ?

ಉತ್ತರ: ಬೇಡ. ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ. ಕೇಬಲ್ ಕೆಟ್ಟಿದ್ದರೆ ಧ್ವನಿ ಕಡಿದು ಕಡಿದು ಬರುತ್ತದೆ, ಇಲ್ಲವೇ ಪೂರ್ತಿ ನಿಲ್ಲುತ್ತದೆ. ಆರರಲ್ಲಿ ನಾಲ್ಕನ್ನೇ ಆರಿಸಿ ಬಾಯಿ ಮುಚ್ಚಿಸುವಷ್ಟು ಬುದ್ಧಿ ಪ್ಲಾಸ್ಟಿಕ್ ಎಳೆಗೆ ಎಲ್ಲಿಂದ ಬರಬೇಕು?

ತೋಷಿಬಾ ಕಂಪನಿ 1983ರಲ್ಲಿ ಈ ಜೋಡಣೆಯನ್ನು ತಂದದ್ದು ಸಿ.ಡಿ. ಪ್ಲೇಯರ್‌ಗಾಗಿ. ಸಿ.ಡಿ.ಗೆ ಎಡ, ಬಲ ಎರಡೇ ವಾಹಿನಿ, ಅಂದರೆ ಎರಡೇ ಪ್ರತ್ಯೇಕ ಧ್ವನಿಧಾರೆ. ಆದ್ದರಿಂದ ಎಳೆಯೊಳಗೆ ಓಡುವ ಎಸ್/ಪಿಡಿಐಎಫ್ ಎಂಬ ಡಿಜಿಟಲ್ ಧ್ವನಿಸಂಕೇತದ ಪ್ರತಿ ಚೌಕಟ್ಟಿನಲ್ಲೂ ಎರಡೇ ಖಾನೆ. ಸೆಕೆಂಡಿಗೆ 48,000 ಚೌಕಟ್ಟು, ಒಂದೊಂದಕ್ಕೆ 64 ಬಿಟ್: ಸುಮಾರು 3 ಮೆಗಾಬಿಟ್ ಆಯಿತು. ಆರು ವಾಹಿನಿಗಳ 24 ಬಿಟ್ ಧ್ವನಿಯನ್ನು ಕುಗ್ಗಿಸದೆ ಕಳಿಸಲು 7 ಮೆಗಾಬಿಟ್‌ನಷ್ಟು ಬೇಕು. ಹಿಡಿಸುವುದಿಲ್ಲ. ಆದರೆ ಡಾಲ್ಬಿ ಡಿಜಿಟಲ್ ಎಂಬ ಕುಗ್ಗಿಸುವ ವಿಧಾನ ಅದೇ ಆರು ವಾಹಿನಿಗಳನ್ನು ಹೆಚ್ಚೆಂದರೆ 640 ಕಿಲೋಬಿಟ್‌ಗೆ ಗಂಟು ಕಟ್ಟುತ್ತದೆ. ಆ ಗಂಟು ಈ ಎರಡು ಖಾನೆಗಳಲ್ಲಿ ಆರಾಮವಾಗಿ ಕೂರುತ್ತದೆ.

ನಿಮ್ಮ ಟಿ.ವಿ. ಗಂಟನ್ನು ದಾರಿಯಲ್ಲೇ ಬಿಚ್ಚುತ್ತಿದೆ. ಧ್ವನಿಯ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ 'ಪಿಸಿಎಂ' (ಕುಗ್ಗಿಸದ ಧ್ವನಿ) ಎಂದಿರುತ್ತದೆ. ಅದನ್ನು 'ಬಿಟ್‌ಸ್ಟ್ರೀಮ್' (ಗಂಟನ್ನು ಬಿಚ್ಚದೆ ಕಳಿಸುವುದು) ಅಥವಾ 'ಡಾಲ್ಬಿ ಡಿಜಿಟಲ್'ಗೆ ಬದಲಿಸಿ. ಆಮೇಲೆ ರಿಸೀವರ್‌ನ ಮುಖದ ಮೇಲೆ ಡಾಲ್ಬಿ ಹೆಸರು ಮೂಡಿತೇ ನೋಡಿ. ಕಿವಿಯನ್ನು ನಂಬಬೇಡಿ, ಕೆಲವು ರಿಸೀವರ್‌ಗಳು ಎರಡು ವಾಹಿನಿಯನ್ನೇ ಆರಕ್ಕೂ ಹಂಚಿ ಮೋಸ ಮಾಡುತ್ತವೆ.

ಹೆಸರು ಮೂಡಲಿಲ್ಲವೇ? ಪ್ಲೇಯರನ್ನು ಎಚ್‌ಡಿಎಂಐ ಮೂಲಕ ಟಿ.ವಿ.ಗೆ ಜೋಡಿಸಿದ್ದರೆ, ಕೆಲವು ಟಿ.ವಿ.ಗಳು ಆ ಧ್ವನಿಯನ್ನು ಎರಡು ವಾಹಿನಿಗೆ ಇಳಿಸಿಯೇ ಆಪ್ಟಿಕಲ್‌ಗೆ ಕೊಡುತ್ತವೆ. ಪ್ಲೇಯರಿನ ಧ್ವನಿಯನ್ನು ನೇರವಾಗಿ ರಿಸೀವರ್‌ಗೆ ಕೊಡಿ. ಕಾರ್ಯಕ್ರಮವೇ ಸ್ಟೀರಿಯೊ ಆಗಿರಬಹುದು ಎಂಬುದೂ ನೆನಪಿರಲಿ. ಒಮ್ಮೆ ನಾನೇ ಸಂಬಂಧಿಕರ ಮನೆಯಲ್ಲಿ ಅರ್ಧ ದಿನ ತಂತಿಗಳ ನಡುವೆ ಕುಳಿತು ಕೊನೆಗೆ ಕಂಡುಕೊಂಡದ್ದು ಇದನ್ನೇ. ಅಂದಿನಿಂದ ಮೊದಲು ಕೇಳುವುದೇ ಏನು ಹಾಕಿದ್ದೀರಿ ಎಂದು.

ಡಾಲ್ಬಿಯ ಇನ್ನೂ ಮೇಲಿನ ಧ್ವನಿವಿಧಾನಗಳಾದ ಟ್ರೂಎಚ್‌ಡಿ, ಆಟ್ಮಾಸ್ ಆಸೆಯಿದ್ದರೆ ಆಪ್ಟಿಕಲ್ ಬಿಡಿ. ಟ್ರೂಎಚ್‌ಡಿ ಟಿ.ವಿ. ಮೂಲಕ ಬರಬೇಕಾದರೆ ಮಾಮೂಲಿ ಎಆರ್‌ಸಿ (ಟಿ.ವಿ.ಯ ಧ್ವನಿಯನ್ನು ಎಚ್‌ಡಿಎಂಐ ಕೇಬಲ್‌ನಲ್ಲೇ ರಿಸೀವರ್‌ಗೆ ಕಳಿಸುವ ಸೌಲಭ್ಯ) ಕೂಡ ಸಾಲದು, ಸೆಕೆಂಡಿಗೆ 37 ಮೆಗಾಬಿಟ್‌ವರೆಗೆ ಹೊರುವ ಅದರ ಸುಧಾರಿತ ರೂಪ ಇಎಆರ್‌ಸಿ ಎರಡೂ ಕಡೆ ಇರಬೇಕು.

ಪ್ರಶ್ನೆ: ತುದಿಗೆ ಚಿನ್ನದ ಲೇಪವಿರುವ ಆಪ್ಟಿಕಲ್ ಕೇಬಲ್ ಉತ್ತಮವೇ?

ಉತ್ತರ: ಒಳಗೆ ಓಡುವುದು ಬೆಳಕು. ಬೆಳಕಿಗೆ ಚಿನ್ನದ ಹಂಗಿಲ್ಲ. ಹೀಗೆ ಮಾರುವವರಿಗೆ ನಾಚಿಕೆಯೂ ಇಲ್ಲ.

ಪ್ರಶ್ನೆ: ಹೊಸ ಕೇಬಲ್, ಧ್ವನಿಯೇ ಇಲ್ಲ.

ಉತ್ತರ: ತುದಿಯ ಪ್ಲಾಸ್ಟಿಕ್ ಟೋಪಿ ತೆಗೆಯಿರಿ.

ಪ್ರಶ್ನೆ: ಕೋಆಕ್ಸಿಯಲ್ (ಲೋಹದ ತಂತಿಯ ಡಿಜಿಟಲ್ ಕೇಬಲ್) ಒಳ್ಳೆಯದೋ, ಆಪ್ಟಿಕಲ್ ಒಳ್ಳೆಯದೋ?

ಉತ್ತರ: ಹೋಗುವ ಬಿಟ್‌ಗಳು ಒಂದೇ, ಜಗಳವಾಡುವವರು ಆಡಿಕೊಳ್ಳಲಿ. ಸ್ಪೀಕರ್‌ನಲ್ಲಿ ಗುಂಯ್‌ಗುಡುವ ಸದ್ದಿದ್ದರೆ ಆಪ್ಟಿಕಲ್ ಹಾಕಿ ನೋಡಿ. ಎರಡು ಉಪಕರಣಗಳ ನಡುವೆ ವಿದ್ಯುತ್ ಸಂಪರ್ಕ ತಪ್ಪುವುದರಿಂದ ಆ ದಾರಿಯಾಗಿ ಬರುವ ಸದ್ದು ನಿಲ್ಲುತ್ತದೆ. ಕೇಬಲನ್ನು ಬಾಗಿಲ ಮೂಲೆಯಲ್ಲಿ ಚೂಪಾಗಿ ಮಡಚಬೇಕಾದ ಕಡೆ ನಾನು ಕೋಆಕ್ಸಿಯಲ್ಲನ್ನೇ ಎಳೆಯುತ್ತೇನೆ. ಆಪ್ಟಿಕಲ್‌ನ ಒಳಗಿನ ಎಳೆ ಸೀಳಿದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಹಳೆಯ ವಿಡಿಯೊದ ಹಳದಿ ಕೇಬಲ್ ಮನೆಯಲ್ಲಿದ್ದರೆ ಕೋಆಕ್ಸಿಯಲ್‌ಗೆ ಅದೇ ಸಾಕು, ಅದೂ ಕೋಆಕ್ಸಿಯಲ್‌ಗೆ ಬೇಕಾದ 75 ಓಮ್‌ನದೇ.

ಪ್ರಶ್ನೆ: ಟಿ.ವಿ. ರಿಮೋಟ್‌ನಿಂದ ಧ್ವನಿ ಏರಿಳಿಯುತ್ತಿಲ್ಲ.

ಉತ್ತರ: ಆಪ್ಟಿಕಲ್ ಹೊರುವುದು ಧ್ವನಿಯನ್ನು ಮಾತ್ರ, ರಿಮೋಟಿನ ಆಜ್ಞೆಯನ್ನಲ್ಲ. ರಿಸೀವರ್‌ನ ರಿಮೋಟ್ ಹುಡುಕಿ.